ರೇಷ್ಮೆ ಮನೆಯ ಧೂಳಿನಲ್ಲಿ ಪಾಶ್ಚರ್ ಕಂಡ ಬೀಜಾಣು

ಬೆಂಗಳೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು ಹೊಸೂರು ರಸ್ತೆಯ ಸಿಲ್ಕ್ ಬೋರ್ಡ್ ವೃತ್ತದಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡು ಬೇಸರಪಡುವುದು ಎಲ್ಲರೂ ಬಲ್ಲ ಸಂಗತಿ. ಆ ವೃತ್ತಕ್ಕೆ ಹೆಸರು ಬಂದದ್ದು ರೇಷ್ಮೆ ಹುಳುವಿನಿಂದ ಎಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ ಕಾಣೆ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇರುವುದು ಅಲ್ಲಿಯೇ. ಅಲ್ಲಿಂದ ಸರ್ಜಾಪುರದ ಕಡೆಗೆ ಹೊರಟರೆ ಕಾರ್ಮೆಲರಾಂ ಹತ್ತಿರ ಕೊಡತಿ ಎಂಬ ಊರು ಸಿಗುತ್ತದೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ಅಲ್ಲಿಗೆ ದೂರವಲ್ಲ. ಸುತ್ತಲಿನ ಹಿಪ್ಪುನೇರಳೆ ತೋಟಗಳು ಬಹುಪಾಲು ಬಡಾವಣೆಗಳಾಗಿ ಹೋದರೂ ಮಂಡಳಿಯ ರೇಷ್ಮೆ ಬಿತ್ತನೆ ತಂತ್ರಜ್ಞಾನ ಪ್ರಯೋಗಾಲಯ ಆ ಊರಿನಲ್ಲಿದೆ.

ಬಿತ್ತನೆ ಕೋಠಿಗಳಲ್ಲಿ ನಡೆಯುವ ಒಂದು ಕೆಲಸವನ್ನು ನಮ್ಮ ರೇಷ್ಮೆ ಬೆಳೆಗಾರರಲ್ಲಿ ಅನೇಕರು ಕಂಡಿರಬಹುದು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೋನೇಟ್ ದ್ರಾವಣದಲ್ಲಿ ಅರೆದು, ಒಂದು ತೊಟ್ಟನ್ನು ಗಾಜಿನ ಮೇಲೆ ಹಾಕಿ, 600 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಟ್ಟೆಯಾಕಾರದ ಹೊಳೆಯುವ ಕಣಗಳು ಕಂಡರೆ ಆ ಮೊಟ್ಟೆಗಳು ಬೆಂಕಿಗೆ. ಕಾಣದಿದ್ದರೆ ರೈತನಿಗೆ. ಈ ಕ್ರಮವನ್ನು 150 ವರ್ಷಗಳಿಗೂ ಹಿಂದೆ ರೂಪಿಸಿದಾತ ಫ್ರಾನ್ಸಿನ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವನೆಂದು ಶಾಲೆಯ ಪುಸ್ತಕಗಳಲ್ಲಿ ಆತನ ಹೆಸರು ಓದಿದ್ದೇವೆ. ಆದರೆ ರೇಷ್ಮೆ ಹುಳು, ಹಾಲು, ಕುರಿ, ದನ ಇವುಗಳ ನಡುವೆ ಆತ ಕಳೆದ ವರ್ಷಗಳ ಕಥೆ ನಮ್ಮ ರೈತರಿಗೆ ಹೆಚ್ಚು ಹತ್ತಿರದ್ದು. ಆ ವರ್ಷಗಳಲ್ಲೆಲ್ಲ ಆತನನ್ನು ಮತ್ತೆ ಮತ್ತೆ ಕಾಡಿದ ವಸ್ತು ಬೀಜಾಣು. ಬ್ಯಾಕ್ಟೀರಿಯಗಳಲ್ಲಿ ಕೆಲವು ಜಾತಿಗಳು ಕಷ್ಟಕಾಲ ಬಂದಾಗ ಗಟ್ಟಿ ಕವಚ ಕಟ್ಟಿಕೊಂಡು ಬೀಜದಂತೆ ಮಲಗುತ್ತವೆ. ಆ ರೂಪವೇ ಬೀಜಾಣು. ಹಗೇವಿನಲ್ಲಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುವಂತೆ ಅದೂ ಇರಬಲ್ಲದು. ಅದು ಯಾವಾಗ ಮೊಳೆಯುತ್ತದೆ, ಯಾವುದು ಮೊಳೆಯದಂತೆ ತಡೆಯುತ್ತದೆ, ತಡೆದರೆ ಸತ್ತಂತೆಯೋ ಎಂಬುದೇ ಪ್ರಶ್ನೆ.

ಚರ್ಮ ಹದ ಮಾಡುವವನ ಮಗ

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೈನ್ಯದಲ್ಲಿದ್ದು ಬಂದವನು, ಕಸುಬು ಚರ್ಮ ಹದ ಮಾಡುವುದು. ಹುಡುಗ ಬೆಳೆದದ್ದು ಆರ್ಬುವಾ ಎಂಬ ದ್ರಾಕ್ಷಿ ಬೆಳೆಯುವ ಸಣ್ಣ ಪಟ್ಟಣದಲ್ಲಿ. ಓದಿದ್ದು ರಸಾಯನಶಾಸ್ತ್ರ. ವೈದ್ಯಶಾಸ್ತ್ರವನ್ನಾಗಲಿ, ಪಶುವೈದ್ಯವನ್ನಾಗಲಿ ಆತ ಎಂದೂ ಓದಲಿಲ್ಲ. ಮುಂದೆ ವೈದ್ಯರು ಈ ಕೊರತೆಯನ್ನು ಎತ್ತಿ ಎತ್ತಿ ಆಡಿದರು.

1848ರಲ್ಲಿ, 25ರ ವಯಸ್ಸಿನಲ್ಲಿ, ಆತ ಮಾಡಿದ ಮೊದಲ ದೊಡ್ಡ ಶೋಧ ದ್ರಾಕ್ಷಾರಸದಲ್ಲಿ ಸಿಗುವ ಟಾರ್ಟಾರಿಕ್ ಆಮ್ಲದ ಬಗೆಯ ಹರಳುಗಳದು. ಒಂದೇ ವಸ್ತುವಿನ ಹರಳುಗಳಲ್ಲಿ ಎರಡು ಬಗೆ ಇದ್ದವು. ಒಂದು ಬಲಗೈಯಂತೆ, ಇನ್ನೊಂದು ಎಡಗೈಯಂತೆ. ಕನ್ನಡಿಯಲ್ಲಿ ಕಂಡಂತೆ ಒಂದೇ ರೂಪ, ಆದರೆ ಒಂದರ ಮೇಲೊಂದು ಇಟ್ಟರೆ ಕೂಡುವುದಿಲ್ಲ. ಇಕ್ಕಳ ಹಿಡಿದು ಒಂದೊಂದೇ ಹರಳನ್ನು ಬೇರ್ಪಡಿಸಿ ಆತ ಇದನ್ನು ತೋರಿಸಿದ. ಜೀವಿಗಳು ಈ ಎಡಬಲಗಳ ಭೇದವನ್ನು ಗುರುತಿಸುತ್ತವೆ, ಒಂದನ್ನು ತಿಂದು ಇನ್ನೊಂದನ್ನು ಬಿಡುತ್ತವೆ ಎಂಬುದನ್ನೂ ಮುಂದೆ ಕಂಡ. ಈ ಹರಳಿನ ಮಾತಿಗೂ ಬೀಜಾಣುವಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ, ಕೊನೆಯಲ್ಲಿ ಬರುತ್ತದೆ.

1854ರಲ್ಲಿ ಲಿಲ್ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದಾಗ ಬೀಟ್ ಗೆಡ್ಡೆಯಿಂದ ಮದ್ಯಸಾರ ತೆಗೆಯುವವರ ತೊಂದರೆಗಳು ಆತನ ಮುಂದೆ ಬಂದವು. ಹುಳಿಯುವಿಕೆ ಸೂಕ್ಷ್ಮ ಜೀವಿಗಳ ಕೆಲಸ ಎಂದು ಆತ ಸಾಧಿಸಿದ. ಆಗ ಎದುರಾಯಿತು ಹಳೆಯ ವಾದ: ಈ ಜೀವಿಗಳು ಕೊಳೆತ ವಸ್ತುವಿನಿಂದ ತಾವಾಗಿಯೇ ಹುಟ್ಟುತ್ತವೆ ಎಂಬುದು. ಹಂಸದ ಕತ್ತಿನಂತೆ ಬಾಗಿದ ಕೊಳವೆಯ ಬುರುಡೆಗಳಲ್ಲಿ ಸಕ್ಕರೆ ಬೆರೆಸಿದ ಯೀಸ್ಟ್ ನೀರನ್ನು ಕುದಿಸಿಟ್ಟು, ಧೂಳು ಒಳಹೋಗದಿದ್ದರೆ ಏನೂ ಬೆಳೆಯದೆಂದು ಪಾಶ್ಚರ್ ತೋರಿಸಿದ. 1862ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಬಹುಮಾನವನ್ನೂ ಕೊಟ್ಟಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎದುರಾಳಿ ಪುಶೆ ಎಂಬಾತ ಬಳಸಿದ್ದು ಒಣಹುಲ್ಲಿನ ಕಷಾಯ. ಹುಲ್ಲಿನಲ್ಲಿ ಇರುವ ಬ್ಯಾಕ್ಟೀರಿಯದ ಬೀಜಾಣುಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಪಾಶ್ಚರ್ ಆ ದಿನಗಳಲ್ಲಿ ಹುಲ್ಲಿನ ಕಷಾಯವನ್ನೇ ಕುದಿಸಿ ನೋಡಿದ್ದರೆ ಆತನ ಬುರುಡೆಗಳಲ್ಲೂ ಜೀವ ಕಾಣಿಸಿಕೊಂಡು ವಾದ ತಲೆಕೆಳಗಾಗುತ್ತಿತ್ತು. ಗೆಲುವಿನಲ್ಲಿ ಅದೃಷ್ಟದ ಪಾಲೂ ಇತ್ತು. ಆದರೆ ಹಾಲಿನ ವಿಷಯದಲ್ಲಿ ಆತನಿಗೆ ಸುಳಿವು ಸಿಕ್ಕಿತ್ತು. ಹಾಲನ್ನು 100 ಡಿಗ್ರಿಗೆ ಕುದಿಸಿಟ್ಟರೂ ಕೆಲವು ದಿನಗಳಲ್ಲಿ ಕೆಡುತ್ತಿತ್ತು. ಒತ್ತಡದಲ್ಲಿ 110 ಡಿಗ್ರಿಗೆ ಏರಿಸಿದಾಗ ಕೆಡಲಿಲ್ಲ. ಯೀಸ್ಟ್ ನೀರಿಗೆ ಸೀಮೆಸುಣ್ಣ ಬೆರೆಸಿದರೆ ಅದೂ ಹಾಲಿನಂತೆಯೇ ವರ್ತಿಸಿತು. ಹುಳಿ ಇರುವ ದ್ರವಕ್ಕೆ 100 ಡಿಗ್ರಿ ಸಾಕು, ಹುಳಿ ಇಲ್ಲದ್ದಕ್ಕೆ ಸಾಲದು ಎಂದು ಆತ ಬರೆದಿಟ್ಟ. ಕಾರಣ ತಿಳಿಯಲು ಇನ್ನೂ 15 ವರ್ಷ ಬೇಕಾಯಿತು.

ಅಲೆಸ್‌ನ ರೇಷ್ಮೆ ಮನೆಗಳು

1865ರಲ್ಲಿ ಆತನ ಗುರು ಡ್ಯೂಮಾ ಒಂದು ಕೆಲಸ ಒಪ್ಪಿಸಿದ. ದಕ್ಷಿಣ ಫ್ರಾನ್ಸಿನ ರೇಷ್ಮೆ ಸೀಮೆ ಹಾಳಾಗುತ್ತಿತ್ತು. ಹುಳುವಿನ ಮೈಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಬಿದ್ದು, ಬೆಳವಣಿಗೆ ಕುಂಠಿತವಾಗಿ ಸಾಯುತ್ತಿತ್ತು. ನಮ್ಮವರು ಗಂಟು ರೋಗ ಎನ್ನುವುದು ಇದನ್ನೇ. ಬೆಳೆಗಾರರು ಇಟಲಿ, ಕೊನೆಗೆ ಜಪಾನಿನಿಂದ ಕೂಡ ಮೊಟ್ಟೆ ತರಿಸಿ ಸೋತಿದ್ದರು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಮುಟ್ಟಿದವನಲ್ಲ. ದಾರಿಯಲ್ಲಿ ಅವಿಞ್ಞಾನ್ ನಗರದಲ್ಲಿ ಕೀಟಗಳ ವಿದ್ವಾಂಸ ಫಾಬ್ರ್ ಎಂಬಾತನ ಮನೆಗೆ ಹೋಗಿ, ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟನಂತೆ. ಕೋಶ ಎಂದರೇನೆಂದು ತಿಳಿಯದೆ ರೇಷ್ಮೆ ಸೀಮೆಯನ್ನು ಉಳಿಸಲು ಹೊರಟವನನ್ನು ಕಂಡು ಫಾಬ್ರ್‌ಗೆ ಆಶ್ಚರ್ಯವಾಯಿತು. ಆದರೆ ತಿಳಿಯದ್ದನ್ನು ಕೇಳಲು ನಾಚದ ಗುಣ ಅದು.

ಅಲೆಸ್ ಪಟ್ಟಣದ ಹತ್ತಿರದ ಒಂದು ಮನೆಯಲ್ಲಿ ಆತ ಹೆಂಡತಿ, ಮಗಳು, ಶಿಷ್ಯರೊಡನೆ ಹುಳು ಸಾಕಲು ಕುಳಿತ. ಆ ವರ್ಷಗಳು ಸಂಸಾರಕ್ಕೆ ಬಲು ಕೆಟ್ಟವು. 1859ರಲ್ಲೇ ಹಿರಿಯ ಮಗಳು ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದಳು. 1865ರ ಜೂನ್‌ನಲ್ಲಿ ತಂದೆ, ಸೆಪ್ಟೆಂಬರ್‌ನಲ್ಲಿ 2 ವರ್ಷದ ಕಿರಿಯ ಮಗಳು, 1866ರ ಮೇ ತಿಂಗಳಲ್ಲಿ 12ರ ಮಗಳು ಸೆಸಿಲ್. ಶವಸಂಸ್ಕಾರಕ್ಕೆ ಹೋಗಿ ಬಂದು ಮತ್ತೆ ಹುಳುಗಳ ತಟ್ಟೆಯ ಮುಂದೆ ನಿಲ್ಲುತ್ತಿದ್ದ.

ರೋಗಿ ಚಿಟ್ಟೆಯಲ್ಲಿ ಹೊಳೆಯುವ ಕಣಗಳಿರುವುದನ್ನು ಇಟಲಿಯವರು ಮೊದಲೇ ಕಂಡಿದ್ದರು. ಪಾಶ್ಚರ್ ಮೊದಲಿಗೆ ಅವು ರೋಗದ ಗುರುತು ಮಾತ್ರ, ಕಾರಣವಲ್ಲ ಎಂದು ತಪ್ಪು ತಿಳಿದ. ಆತನ ಶಿಷ್ಯರಿಗೇ ಈ ವಿಷಯದಲ್ಲಿ ಅನುಮಾನವಿತ್ತು. ಕೊನೆಗೆ, ಆ ಕಣ ಬಳಿದ ಎಲೆ ತಿಂದ ಹುಳು ರೋಗ ಹಿಡಿದು ಸಾಯುವುದನ್ನು ಕಂಡು ತಪ್ಪನ್ನು ತಿದ್ದಿಕೊಂಡ. ಆ ಕಣ ಬ್ಯಾಕ್ಟೀರಿಯ ಅಲ್ಲ, ಬೇರೆ ಕುಲದ ಪರೋಪಜೀವಿಯ ಬೀಜಾಣು ಎಂಬುದು ಈಗ ಗೊತ್ತು. ಹುಳುವಿನ ಹೊಟ್ಟೆಯ ಕ್ಷಾರ ರಸ ಸಿಕ್ಕೊಡನೆ ಅದು ಒಳಗೆ ಸುತ್ತಿಟ್ಟ ನೂಲಿನಂಥ ಕೊಳವೆಯನ್ನು ಚಿಮ್ಮಿ ಕರುಳಿನ ಕೋಶಕ್ಕೆ ಚುಚ್ಚುತ್ತದೆ. ತಾಯಿಯಿಂದ ಮೊಟ್ಟೆಗೂ ಇಳಿಯುತ್ತದೆ. ಆದ್ದರಿಂದಲೇ ಪ್ರತಿ ಚಿಟ್ಟೆಯಿಂದ ಬೇರೆ ಬೇರೆ ಮೊಟ್ಟೆ ಇಡಿಸಿ, ತಾಯಿಯನ್ನು ಪರೀಕ್ಷಿಸುವ ಕ್ರಮ. ರೈತರ ನಂಬಿಕೆ ಗಳಿಸಲು ಆತ 14 ಬಿತ್ತನೆ ತಂಡಗಳ ಫಲವನ್ನು ಮುಂಚೆಯೇ ಬರೆದು, ಮುಚ್ಚಿದ ಲಕೋಟೆಯಲ್ಲಿ ಒಂದು ಊರಿನ ಮೇಯರನ ಕೈಗೆ ಕೊಟ್ಟ. ಬೆಳೆ ಮುಗಿದ ಮೇಲೆ ಒಡೆದು ನೋಡಿದರೆ 12 ಹೇಳಿದಂತೆಯೇ ಆಗಿದ್ದವು.

ಆದರೆ ಬೀಜಾಣು ಇಲ್ಲದ ಮೊಟ್ಟೆಯಿಂದ ಬಂದ ಹುಳುಗಳೂ ಕೆಲವು ಕಡೆ ರಾತ್ರಿ ಬೆಳಗಾಗುವುದರೊಳಗೆ ಮೆತ್ತಗಾಗಿ, ಕಪ್ಪಾಗಿ, ನಾತ ಹೊಡೆದು ಸತ್ತವು. ಪಾಶ್ಚರ್ ಕಂಗಾಲಾದ. ಇದು ಎರಡನೆಯ ರೋಗ, ನಮ್ಮ ಸಪ್ಪೆ ರೋಗ. ಸತ್ತ ಹುಳುವಿನ ಕರುಳಿನಲ್ಲಿ ಬ್ಯಾಕ್ಟೀರಿಯಗಳು ತುಂಬಿದ್ದವು. ಅರೆದ ಹಿಪ್ಪುನೇರಳೆ ಎಲೆ ಹುಳಿತಾಗ ಬೆಳೆಯುವ ಜೀವಿಗಳೂ ಅವೇ ಬಗೆಯವು. ಅವುಗಳ ಮೈಯೊಳಗೆ ಒಂದೊಂದು ಹೊಳೆಯುವ ಚುಕ್ಕೆಯನ್ನು ಆತ ಕಂಡು ಚಿತ್ರ ಬರೆದ. ಜೀವಿ ಕರಗಿದರೂ ಚುಕ್ಕೆ ಉಳಿಯುತ್ತಿತ್ತು. ಹಿಂದಿನ ವರ್ಷದ ಸಾಕಣೆ ಮನೆಯ ಒಣ ಧೂಳನ್ನು ಎಲೆಯ ಮೇಲೆ ಉದುರಿಸಿ ತಿನ್ನಿಸಿದಾಗ ಆರೋಗ್ಯದ ಹುಳುಗಳು ಸತ್ತವು. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಆ ಧೂಳಿಗೆ ಸರಿಯಾಗಿ ಒಪ್ಪುತ್ತದೆ. ಗೋಡೆಯ ಸಂದಿಯಲ್ಲಿ ವರ್ಷವಿಡೀ ಸುಮ್ಮನಿದ್ದದ್ದು, ಹುಳುವಿನ ಹೊಟ್ಟೆಯಲ್ಲಿ ಎಲೆಯ ರಸ ಸಿಕ್ಕಾಗ ಎದ್ದು ಕುಳಿತಿತ್ತು. ಬೀಜಾಣುವಿನ ಬಗ್ಗೆ ಬರೆದ ಮೊದಲ ಬರಹಗಳಲ್ಲಿ ಇದೂ ಒಂದು.

1868ರ ಅಕ್ಟೋಬರ್‌ನಲ್ಲಿ, 45ರ ವಯಸ್ಸಿನಲ್ಲಿ, ಪಾಶ್ಚರ್‌ಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ, ಎಡಗಾಲು ಮತ್ತೆ ಪೂರ್ತಿ ಸರಿಯಾಗಲೇ ಇಲ್ಲ. ಮೂರು ತಿಂಗಳಿಗೆ ಕುಂಟುತ್ತ ಅಲೆಸ್‌ಗೆ ಮರಳಿದ. ರೇಷ್ಮೆ ಹುಳುವಿನ ರೋಗಗಳ ಬಗ್ಗೆ ಆತನ 2 ಸಂಪುಟಗಳ ಗ್ರಂಥ 1870ರಲ್ಲಿ ಹೊರಬಂತು.

ಹುಳಿ ಹಿಡಿದಿಟ್ಟ ಜೀವ

ಬೀಜಾಣುವಿನ ನಿಜವಾದ ಗುಟ್ಟು ಬಿಚ್ಚಿಕೊಂಡದ್ದು ಒಬ್ಬ ಎದುರಾಳಿಯಿಂದ. 1876ರಲ್ಲಿ ಇಂಗ್ಲೆಂಡಿನ ವೈದ್ಯ ಬಾಸ್ಟಿಯನ್ ಮೂತ್ರವನ್ನು ಕುದಿಸಿಟ್ಟ. ಮೂತ್ರ ಸ್ವಲ್ಪ ಹುಳಿ ಗುಣದ್ದು. ಅದು ತಿಳಿಯಾಗಿಯೇ ಉಳಿಯಿತು. ಅದಕ್ಕೆ ಪೊಟ್ಯಾಶ್ ಕ್ಷಾರ ಸೇರಿಸಿ ಹುಳಿ ಕಳೆದು ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಗಳು ಕಿಕ್ಕಿರಿದವು. ಇಗೋ, ಜೀವ ತಾನಾಗಿ ಹುಟ್ಟಿತು ಎಂಬುದು ಬಾಸ್ಟಿಯನ್ನನ ವಾದ. ಪಾಶ್ಚರ್ ಮೊದಲಿಗೆ ಕ್ಷಾರದ ನೀರಿನಲ್ಲೇ ಜೀವಿಗಳಿದ್ದಿರಬೇಕು ಎಂದ. ಆದರೆ ಶಿಷ್ಯರಾದ ಜೂಬೇರ್, ಶಾಂಬರ್ಲಾಂ ಜೊತೆ ಮಾಡಿದ ಪ್ರಯೋಗಗಳಿಂದ ವಿಷಯ ಬೇರೆ ಎಂದು ತಿಳಿಯಿತು. ಕುದಿಸಿದಾಗ ಬೀಜಾಣುಗಳು ಸತ್ತೇ ಇರಲಿಲ್ಲ. ಹುಳಿಯಲ್ಲಿ ಅವು ಮೊಳೆತು ಬೆಳೆಯಲಾರದೆ ಸುಮ್ಮನಿದ್ದವು. ಹುಳಿ ಹೋದೊಡನೆ ಅದೇ ದ್ರವ ಅವುಗಳಿಗೆ ಊಟವಾಯಿತು. ಹಾಲಿನ ಹಳೆಯ ಒಗಟಿಗೂ ಉತ್ತರ ಸಿಕ್ಕಿತು.

ಬಾಸ್ಟಿಯನ್ ಹೇಳಿದ ಸಿದ್ಧಾಂತ ತಪ್ಪು, ಮಾಡಿದ ಪ್ರಯೋಗ ಸರಿ. ಆತನ ಹಟ ಇಲ್ಲದಿದ್ದರೆ ಪಾಶ್ಚರನ ಪ್ರಯೋಗಶಾಲೆ ತನ್ನ ಬುರುಡೆಗಳನ್ನು ಇನ್ನೆಷ್ಟು ವರ್ಷ ಬರೀ ಕುದಿಸುತ್ತಿತ್ತೋ. ಇದಾದ ಮೇಲೆ ಶಾಂಬರ್ಲಾಂ ಒತ್ತಡದ ಹಬೆಯಲ್ಲಿ 115ರಿಂದ 120 ಡಿಗ್ರಿ ಕಾಯಿಸುವ ಪಾತ್ರೆಯನ್ನು ರೂಪಿಸಿದ. ಇಂದು ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಹೊರವಲಯದ ಔಷಧ ಕಾರ್ಖಾನೆಗಳಲ್ಲಿ ಇರುವ ಆಟೋಕ್ಲೇವ್ ಅದರ ಸಂತತಿ. ಮನೆಯ ಕುಕ್ಕರ್ ಕೂಡ ಅದೇ ಕುಲದ್ದು.

ಜರ್ಮನಿಯ ರಾಬರ್ಟ್ ಕಾಖ್‌ಗೂ ಇಂಥದೇ ಪಾಠವಾಯಿತು. ಪಾದರಸದ ಕ್ಲೋರೈಡ್ ಅತ್ಯಲ್ಪ ಪ್ರಮಾಣದಲ್ಲೂ ಬೀಜಾಣುವನ್ನು ಮುಗಿಸುತ್ತದೆ ಎಂದು ಆತ 1881ರಲ್ಲಿ ಸಾರಿದ. 1889ರಲ್ಲಿ ಗೆಪ್ಪರ್ಟ್ ಎಂಬಾತ ಬೀಜಾಣುವಿಗೆ ಅಂಟಿದ ಪಾದರಸವನ್ನು ಅಮೋನಿಯಂ ಸಲ್ಫೈಡಿನಿಂದ ಕಳೆದು ನೋಡಿದ. ಸತ್ತವೆಂದುಕೊಂಡ ಬೀಜಾಣುಗಳಲ್ಲಿ ಎಷ್ಟೋ ಮತ್ತೆ ಬೆಳೆದವು.

ಕುರಿ ಹೂತ ಹೊಲ

ನೆರಡಿ ರೋಗ ನಮ್ಮ ದನ ಕುರಿಗಳಿಗೆ ಹೊಸದಲ್ಲ. ಆಂಥ್ರಾಕ್ಸ್ ಎಂದು ವೈದ್ಯರು ಕರೆಯುವುದು ಅದನ್ನೇ. ಮೇಯುತ್ತಿದ್ದ ಪ್ರಾಣಿ ದಿಢೀರನೆ ಬಿದ್ದು, ಮೂಗು ಗುದದಿಂದ ಕಪ್ಪು ರಕ್ತ ಸುರಿಸಿ ಸಾಯುತ್ತದೆ. ಇದರ ಬ್ಯಾಕ್ಟೀರಿಯ ಬೀಜಾಣುವಾಗುವುದನ್ನೂ, ಎತ್ತಿನ ಕಣ್ಣಿನ ನೀರಿನಲ್ಲಿ ಮತ್ತೆ ಮೊಳೆಯುವುದನ್ನೂ 1876ರಲ್ಲಿ ಮೊದಲು ತೋರಿಸಿದವನು ಕಾಖ್. ಪಾಶ್ಚರ್ 1877ರಿಂದ ಇದರ ಬೆನ್ನು ಹತ್ತಿದ.

ಫ್ರಾನ್ಸಿನಲ್ಲಿ ಶಾಪದ ಹೊಲಗಳು ಎಂದು ಹೆಸರಾದ ಜಾಗಗಳಿದ್ದವು. ಅಲ್ಲಿ ಮೇಯಲು ಬಿಟ್ಟ ಕುರಿಗಳು ವರ್ಷ ವರ್ಷವೂ ಸಾಯುತ್ತಿದ್ದವು. ಶಾರ್ತ್ರ್ ಪಟ್ಟಣದ ಬಳಿಯ ಒಂದು ಹೊಲದಲ್ಲಿ ನಡೆದಾಡುವಾಗ ಒಂದು ಕಡೆ ಮಣ್ಣಿನ ಬಣ್ಣ ಬೇರೆ ಇರುವುದು ಪಾಶ್ಚರನ ಕಣ್ಣಿಗೆ ಬಿತ್ತು. ವಿಚಾರಿಸಿದರೆ, ಹಿಂದಿನ ವರ್ಷ ಸತ್ತ ಕುರಿಗಳನ್ನು ಹೂತದ್ದು ಅಲ್ಲೇ. ನೆಲದ ಮೇಲೆ ಎರೆಹುಳುವಿನ ಹಿಕ್ಕೆಗಳಿದ್ದವು. ಎರೆಹುಳುಗಳ ಹೊಟ್ಟೆಯ ಮಣ್ಣನ್ನು ಪರೀಕ್ಷಿಸಿದಾಗ ನೆರಡಿಯ ಬೀಜಾಣು ಸಿಕ್ಕಿತು. ರೈತನ ಮಿತ್ರನೇ ಹೂತ ಕೇಡನ್ನು ಮೇಲಕ್ಕೆ ಹೊತ್ತು ತರುತ್ತಿದ್ದ!

ಲಸಿಕೆಯ ಹಾದಿಯಲ್ಲೂ ಬೀಜಾಣುವೇ ಅಡ್ಡಿ. ಬೀಜಾಣುವಾದರೆ ವಿಷದ ಕಸುವು ಹಾಗೆಯೇ ಉಳಿಯುತ್ತದೆ. 42-43 ಡಿಗ್ರಿ ಶಾಖದಲ್ಲಿ ಬೆಳೆಸಿದರೆ ಈ ಬ್ಯಾಕ್ಟೀರಿಯ ಬೀಜಾಣು ಕಟ್ಟುವುದಿಲ್ಲ, ದಿನ ಕಳೆದಂತೆ ಕಸುವು ಕುಂದುತ್ತದೆ ಎಂದು ಆತನ ತಂಡ ಕಂಡಿತು. 1881ರ ಮೇ 5ರಂದು ಪುಯಿ-ಲ-ಫೋರ್ ಎಂಬ ಹಳ್ಳಿಯಲ್ಲಿ ಬಹಿರಂಗ ಪರೀಕ್ಷೆ ಶುರುವಾಯಿತು. 24 ಕುರಿ, 1 ಮೇಕೆ, 6 ದನಗಳಿಗೆ ಎರಡು ಸಲ ಲಸಿಕೆ. ಮೇ 31ರಂದು ಎಲ್ಲಕ್ಕೂ, ಲಸಿಕೆ ಹಾಕದ ಅಷ್ಟೇ ಕುರಿಗಳಿಗೂ, ರೋಗ ಚುಚ್ಚಲಾಯಿತು. ಆ ರೋಗದ ಬೀಜವನ್ನು ತೆಗೆದದ್ದು 1877ರಿಂದ ಕಾಪಿಟ್ಟ ಬೀಜಾಣುಗಳಿಂದ. 4 ವರ್ಷದ ನಿದ್ದೆ ಅವುಗಳ ಕಸುವನ್ನು ಕುಗ್ಗಿಸಿರಲಿಲ್ಲ. ಜೂನ್ 2ರ ಸಂಜೆಯೊಳಗೆ ಲಸಿಕೆ ಇಲ್ಲದ ಕುರಿಗಳೆಲ್ಲ ಸತ್ತವು. ಲಸಿಕೆ ಪಡೆದವು ಮೇಯುತ್ತಿದ್ದವು. ಮುಂದೆ ಅವುಗಳಲ್ಲಿ ಗಬ್ಬದ ಕುರಿ ಒಂದು ಮಾತ್ರ ಸತ್ತಿತು.

ಆದರೆ ಆ ದಿನ ಬಳಸಿದ ಲಸಿಕೆ ಜನ ತಿಳಿದಂತೆ ಗಾಳಿ ಮತ್ತು ಶಾಖದಿಂದ ಮಾಡಿದ್ದಲ್ಲ. ಶಾಂಬರ್ಲಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಕಸುವು ಕುಂದಿಸಿದ್ದು ಅದು. ಪಶುವೈದ್ಯ ಟೂಸಾಂ 1880ರಲ್ಲೇ ಹಿಡಿದಿದ್ದ ರಾಸಾಯನಿಕದ ಹಾದಿಗೆ ಇದು ಹತ್ತಿರವಾದದ್ದು. ಪಾಶ್ಚರ್ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆತನ ಟಿಪ್ಪಣಿ ಪುಸ್ತಕಗಳು ಬಹುಕಾಲದ ಮೇಲೆ ವಿದ್ವಾಂಸರ ಕೈಸೇರಿದಾಗ ಇದು ಖಚಿತವಾಯಿತು. ದೊಡ್ಡವನ ಸಣ್ಣತನ ಎನ್ನದೆ ಬೇರೆ ದಾರಿಯಿಲ್ಲ.

ಎಡಗೈ ಬೀಗಕ್ಕೆ ಬಲಗೈ ಕೀಲಿ

ಬೀಜಾಣು ಹೇಗೆ ಎಚ್ಚರಗೊಳ್ಳುತ್ತದೆ ಎಂಬುದು ಪಾಶ್ಚರ್ ಕಾಲದಲ್ಲಿ ತಿಳಿಯಲಿಲ್ಲ. ಅದರ ಕವಚದೊಳಗೆ ಬೀಗಗಳಂತಹ ರಚನೆಗಳಿವೆ. ಅಲನಿನ್ ಎಂಬ ಅಮೈನೋ ಆಮ್ಲ, ಕೆಲವು ಸಕ್ಕರೆಗಳು ಅದಕ್ಕೆ ಕೀಲಿ. ಕೀಲಿ ಬಿದ್ದೊಡನೆ ಒಳಗೆ ಸುಣ್ಣದ ಅಂಶದೊಡನೆ ಕೂಡಿಟ್ಟ ಆಮ್ಲ ಹೊರಚೆಲ್ಲಿ, ನೀರು ಒಳನುಗ್ಗಿ, ಕೆಲವೇ ನಿಮಿಷಗಳಲ್ಲಿ ಬೀಜಾಣು ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ. ಆಗ ಅದನ್ನು ಕೊಲ್ಲುವುದು ಸುಲಭ. ಸೋಜಿಗವೆಂದರೆ, ಅಲನಿನ್‌ನಲ್ಲಿ ಎಡ ಬಲ ಎಂದು ಎರಡು ರೂಪ. ಒಂದು ಬೀಜಾಣುವನ್ನು ಎಬ್ಬಿಸುತ್ತದೆ. ಅದರ ಕನ್ನಡಿ ರೂಪ ಅದೇ ಬೀಗದಲ್ಲಿ ಸಿಕ್ಕಿಕೊಂಡು, ತಿರುಗದೆ, ಸರಿಯಾದ ಕೀಲಿಯನ್ನೂ ತಡೆಯುತ್ತದೆ. 1848ರಲ್ಲಿ ಇಕ್ಕಳ ಹಿಡಿದು ಎಡಬಲ ಬೇರ್ಪಡಿಸಿದವನಿಗೆ ಇದು ತಿಳಿದಿದ್ದರೆ!

ಹುಳಿ, ಉಪ್ಪು, ಹಲವು ರಾಸಾಯನಿಕಗಳು ಬೀಜಾಣುವನ್ನು ತಡೆದಿಡುತ್ತವೆ, ಕೊಲ್ಲುವುದಿಲ್ಲ. ಕ್ಲೋರಿನ್, ಫಾರ್ಮಲಿನ್, ಒತ್ತಡದ ಹಬೆ, ಬೆಂಕಿ ಕೊಲ್ಲಬಲ್ಲವು, ಆದರೆ ಪ್ರಮಾಣವೂ ಸಮಯವೂ ಸರಿಯಿರಬೇಕು. ಸಾಕಣೆ ಮನೆಗೆ ಶೇಕಡಾ 0.3ರ ಸುಣ್ಣದ ತಿಳಿಯಲ್ಲಿ ಶೇಕಡಾ 2ರ ಬ್ಲೀಚಿಂಗ್ ಪೌಡರ್ ಸಿಂಪಡಿಸಿ ಎಂಬ ಶಿಫಾರಸು ನಮ್ಮ ಬೆಳೆಗಾರರಿಗೆ ಗೊತ್ತು. ಆದರೆ ಹಿಕ್ಕೆ, ಎಲೆಯ ಕಸ ಗುಡಿಸಿ ತೊಳೆಯದೆ ಸಿಂಪಡಿಸಿದರೆ ಕ್ಲೋರಿನ್ನಿನ ಶಕ್ತಿಯೆಲ್ಲ ಆ ಕಸಕ್ಕೇ ಖರ್ಚಾಗುತ್ತದೆ, ಸಂದಿಯ ಬೀಜಾಣು ಉಳಿಯುತ್ತದೆ. ಕಟ್ಟಿಟ್ಟು ಹಳೆಯದಾದ ಪುಡಿಯಲ್ಲೂ ಕಸುವಿರುವುದಿಲ್ಲ. ಬಿಸಿಯಾಗಿ ಬಾಡಿದ, ಒದ್ದೆಯಾದ ಎಲೆ ಹಾಕುವುದು ಸಪ್ಪೆ ರೋಗಕ್ಕೆ ಊಟ ಬಡಿಸಿದಂತೆಯೇ.

ನೆರಡಿಯಲ್ಲಿ ಸತ್ತ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಗಾಳಿ ತಗುಲಿದಾಗಲೇ ರಕ್ತದ ಬ್ಯಾಕ್ಟೀರಿಯ ಬೀಜಾಣು ಕಟ್ಟುವುದು. ಮುಚ್ಚಿದ ಮೈಯಲ್ಲಿ ಕೊಳೆತು ಅವೇ ಸಾಯುತ್ತವೆ. ಪಶುವೈದ್ಯರನ್ನು ಕರೆಸಿ ಸುಡುವುದು ಮೇಲು. ಗುಂಡಿಗೆ ಸುಣ್ಣ ಹಾಕುವ ರೂಢಿಯನ್ನು ತಜ್ಞರು ಈಗ ಒಪ್ಪುವುದಿಲ್ಲ, ಸುಣ್ಣದ ಅಂಶ ಈ ಬೀಜಾಣು ಉಳಿಯಲು ನೆರವಾಗುತ್ತದೆ ಎನ್ನುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುವ ನೆರಡಿ ಲಸಿಕೆ ಕೂಡ ಜೀವಂತ ಬೀಜಾಣುವೇ. ದಕ್ಷಿಣ ಆಫ್ರಿಕದ ಸ್ಟರ್ನ್ 1930ರ ದಶಕದಲ್ಲಿ ಕಂಡ, ಕೇಡು ಮಾಡಲಾರದ ತಳಿ ಅದು. ದನದ ಮೈಯೊಳಗೆ ಮೊಳೆತು ರಕ್ಷಣೆ ಕಲಿಸುತ್ತದೆ.

1885ರಲ್ಲಿ ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಟ್ಟ ಮೇಲೆ ಪಾಶ್ಚರನ ಹೆಸರು ಲೋಕಕ್ಕೆಲ್ಲ ಹಬ್ಬಿತು. 1888ರಲ್ಲಿ ಪ್ಯಾರಿಸಿನಲ್ಲಿ ಆತನ ಸಂಸ್ಥೆ ತೆರೆಯಿತು. ಆ ಹೊತ್ತಿಗೆ ದೇಹ ಸೋತಿತ್ತು. 1895ರ ಸೆಪ್ಟೆಂಬರ್ 28ರಂದು ತೀರಿಕೊಂಡ. ಮರುವರ್ಷ ಬೆಂಗಳೂರಿನಲ್ಲಿ ಜೆಮ್‌ಶೆಡ್‌ಜಿ ಟಾಟಾ ಅವರ ರೇಷ್ಮೆ ತೋಟ ಶುರುವಾಯಿತು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ತಜ್ಞನನ್ನು ಕರೆಸಿತು. ನವರತ್ನ ರಾಮರಾಯರ ಕೈಕೆಳಗೆ ರೇಷ್ಮೆ ಇಲಾಖೆ ಬೆಳೆದು, ತಾಯಿ ಚಿಟ್ಟೆ ಪರೀಕ್ಷೆ ನಮ್ಮ ನಾಡಿನಲ್ಲಿ ಬೇರೂರಿತು.

ಪಾಶ್ಚರನನ್ನು ಆತನ ಸಂಸ್ಥೆಯ ನೆಲಮಾಳಿಗೆಯಲ್ಲೇ ಹೂಳಿದ್ದಾರೆ. ಸಮಾಧಿಯ ಗೋಡೆಗಳ ಬಣ್ಣದ ಕಲ್ಲಿನ ಚಿತ್ರಗಳಲ್ಲಿ ಕುರಿ, ದನಗಳ ಜೊತೆಗೆ ಹಿಪ್ಪುನೇರಳೆಯ ಎಲೆಗಳೂ ರೇಷ್ಮೆ ಹುಳುಗಳೂ ಇವೆ.